ರಸ್ತೆಯಂಚಿನ ಪೈಪೋಟಿಯೂ ಉದ್ಯಮಿಗಳ ಹೊಣೆಯೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ಪಟ್ಟಣಗಳ ಯಾವುದೇ ಮುಖ್ಯರಸ್ತೆಯಲ್ಲಿ ಸಂಜೆ ಆರರ ಸುಮಾರಿಗೆ ನಿಂತು ನೋಡಿದರೂ ಹೆಚ್ಚು ಕಡಿಮೆ ಒಂದೇ ನೋಟ. ಕಾರ್ಖಾನೆಯ ಪಾಳಿ ಮುಗಿಸಿ ಗುಂಪಾಗಿ ನಡೆದುಬರುವ ಮಹಿಳೆಯರು, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲು, ನೂಲಿನ ಮೂಟೆ ಹೇರಿದ ಮೊಪೆಡ್ಡು, ಅಂಗಡಿಯ ಮುಂದೆ ಅರ್ಧ ರಸ್ತೆ ಹಿಡಿದು ಸರಕು ಇಳಿಸುತ್ತಿರುವ ಲಾರಿ, ಇವರೆಲ್ಲರ ಬೆನ್ನಿಗೆ ಹಾರ್ನು ಮಾಡುತ್ತ ಬರುವ ಕಾರು. ಕಾರಿನವನಿಗೆ ಸೈಕಲ್ಲಿನವನು ಅಡ್ಡಿ, ಸೈಕಲ್ಲಿನವನಿಗೆ ನಡೆಯುವವರು ಅಡ್ಡಿ, ನಡೆಯುವವರಿಗೆ ಬೈಕಿನವರೇ ಯಮಸ್ವರೂಪಿಗಳು. ಪ್ರತಿಯೊಬ್ಬರ ಬಾಯಲ್ಲೂ ಬರುವ ಮಾತು ಒಂದೇ: ಜನಕ್ಕೆ ಶಿಸ್ತಿಲ್ಲ.

ಶಿಸ್ತಿನ ಕೊರತೆ ಇರುವುದು ನಿಜವೇ. ಆದರೆ ಈ ಜಗಳವನ್ನು ಕೇವಲ ನಡತೆಯ ಅಥವಾ ಸಂಚಾರ ಪೊಲೀಸರ ವಿಷಯವೆಂದು ಬದಿಗಿಡುವುದು ವ್ಯಾಪಾರಸ್ಥರಿಗೂ ಸಣ್ಣ ಉದ್ಯಮಿಗಳಿಗೂ ಇನ್ನು ಸಾಧ್ಯವಾಗದು. ರಸ್ತೆಯಂಚಿನಲ್ಲಿ ನಿಲ್ಲುವ ಸರಕು ಅವರದು. ಅದೇ ಅಂಚಿನಲ್ಲಿ ನಡೆದು ಅಥವಾ ಸೈಕಲ್ಲು ತುಳಿದು ಕೆಲಸಕ್ಕೆ ಬರುವ ಕಾರ್ಮಿಕರೂ ಅವರವರೇ. ಎರಡನೆಯ ಬಾಬತ್ತಿನಲ್ಲಿ 2025ರಲ್ಲಿ ಕಾನೂನಿನ ಸ್ಥಿತಿಯೇ ಬದಲಾಗಿದೆ.

ಜಗಳ ಹುಟ್ಟುವ ಸ್ಥಳ

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ನಡೆಯಲು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವೂ, ಅಂಗಡಿ ಸಾಲುಗಳಿರುವಲ್ಲಿ 2.5 ಮೀಟರ್ ಅಗಲವೂ ಇರಬೇಕು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಪಟ್ಟಣಗಳ ಹಳೆಯ ಪೇಟೆಬೀದಿಗಳಲ್ಲಿ ಈ ಅಳತೆ ಕಾಗದದಲ್ಲಷ್ಟೇ ಉಳಿದಿದೆ. ಇರುವ ಅಲ್ಪಸ್ವಲ್ಪ ಜಾಗದಲ್ಲಿಯೂ ಅಂಗಡಿಯ ಮೆಟ್ಟಿಲು, ಜನರೇಟರ್, ನಾಮಫಲಕ, ಬಕೆಟ್ಟುಗಳ ರಾಶಿ, ಮಾಲೀಕರದೇ ಸ್ಕೂಟರ್ ಇವು ಮೊದಲೇ ಬೀಡುಬಿಟ್ಟಿರುತ್ತವೆ. ನಡೆಯುವವರು ಡಾಂಬರಿನ ಅಂಚಿಗೆ ಇಳಿಯುತ್ತಾರೆ. ಆ ಅಂಚು ಸೈಕಲ್ಲಿನವನ ಜಾಗ. ಆತ ನಡುರಸ್ತೆಗೆ ಸರಿಯುತ್ತಾನೆ. ಹಿಂದೆ ಬರುತ್ತಿದ್ದ ಬೈಕು ಅವನನ್ನು ತಪ್ಪಿಸಲು ಬಲಕ್ಕೆ ಹೊರಳುತ್ತದೆ, ಎದುರಿನ ಬಸ್ಸು ಬ್ರೇಕು ಹಾಕುತ್ತದೆ. ಬೈಗುಳ ಕೇಳಿಬರುವುದು ನಡುರಸ್ತೆಯಲ್ಲಾದರೂ ಅದರ ಮೂಲ ಅನೇಕ ವೇಳೆ ಅಂಗಡಿಯ ಹೊಸ್ತಿಲಿನಲ್ಲಿರುತ್ತದೆ.

ಸಾರ್ವಜನಿಕ ದಾರಿಗೆ ಅಡಚಣೆ ಉಂಟುಮಾಡಿದವರಿಗೆ ಹಳೆಯ ದಂಡ ಸಂಹಿತೆಯ 283ನೆಯ ಕಲಮಿನಂತೆ ಇದ್ದ ಗರಿಷ್ಠ ದಂಡ 200 ರೂಪಾಯಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮು ಇದನ್ನು 5,000 ರೂಪಾಯಿಗೆ ಏರಿಸಿದೆ. ಕಾನೂನು ನಿಷೇಧಿಸಿದ ಕೃತ್ಯಕ್ಕಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಬರುವುದಿಲ್ಲವೆಂಬುದನ್ನೂ ಇಲ್ಲಿ ನೆನಪಿಡಬಹುದು. ಇದಕ್ಕಿಂತ ಗಂಭೀರವಾದ ಬೆಳವಣಿಗೆಯೆಂದರೆ, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿರುವುದು.

ಹೆದ್ದಾರಿ ಮತ್ತು ಸರ್ವೀಸ್ ರಸ್ತೆ

ಜಿಲ್ಲೆಯ ಪಟ್ಟಣಗಳು ಬೆಳೆದದ್ದೇ ಹೆದ್ದಾರಿಗಳ ಮೇಲೆ. ನೆಲಮಂಗಲದಲ್ಲಿ ತುಮಕೂರು ಮತ್ತು ಮಂಗಳೂರು ರಸ್ತೆಗಳು ಕವಲೊಡೆಯುತ್ತವೆ. ದೇವನಹಳ್ಳಿಯ ಮೇಲೆ ಹೈದರಾಬಾದ್ ರಸ್ತೆ, ಹೊಸಕೋಟೆಯ ಮೇಲೆ ಕೋಲಾರ ರಸ್ತೆ ಹಾಯುತ್ತವೆ. (ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ, ಹಿಂದೆ ಮಂಗಳೂರು ರಸ್ತೆಗಿದ್ದ 48 ಎಂಬ ಅಂಕಿ ತುಮಕೂರು ರಸ್ತೆಗೆ ಬಂದಿದೆ; ಹಳಬರ ಬಾಯಲ್ಲಿ ಅದು ಇಂದಿಗೂ 'ಎನ್‌ಎಚ್ 4'.) ರಸ್ತೆ ನಾಲ್ಕು ಪಥ, ಆರು ಪಥವಾದಂತೆಲ್ಲ ಸರಕು ಬೇಗ ತಲುಪಿತು, ಉಗ್ರಾಣಗಳು ಬಂದವು, ನಿವೇಶನದ ಬೆಲೆ ಏರಿತು. ಈ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೆದ್ದಾರಿಯ ಒಂದು ಬದಿಗೆ ಊರು, ಇನ್ನೊಂದು ಬದಿಗೆ ಕಾರ್ಖಾನೆ ಎಂದಾದಲ್ಲಿ ಪ್ರತಿದಿನ ಎರಡು ಬಾರಿ ಅದನ್ನು ದಾಟಬೇಕಾದವರ ಲೆಕ್ಕವನ್ನು ನಕ್ಷೆ ತಯಾರಿಸುವಾಗ ಎಲ್ಲೆಡೆಯೂ ಹಾಕಿದಂತೆ ಕಾಣುವುದಿಲ್ಲ.

ಕೆಳಸೇತುವೆ ಒಂದು ಕಿಲೋಮೀಟರ್ ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಹೋಗಿ, ದಾಟಿ, ಮರಳಿ ಗೇಟಿನೆದುರು ಬರಲು ಎರಡು ಕಿಲೋಮೀಟರ್, ಅಂದರೆ ಸುಮಾರು ಅರ್ಧ ಗಂಟೆಯ ನಡಿಗೆ. ಎಂಟು ಗಂಟೆ ನಿಂತು ದುಡಿದವರು ಆ ದಾರಿ ಹಿಡಿಯದೆ ನಡುವಿಭಜಕ ಹತ್ತಿ ದಾಟುತ್ತಾರೆ. ಒಂದು ಬದಿಯ ಎರಡು ಪಥಗಳ ಅಗಲ ಏಳು ಮೀಟರ್, ದಾಟಲು ಸುಮಾರು ಆರು ಸೆಕೆಂಡು ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ 130 ಮೀಟರಿಗಿಂತ ಹೆಚ್ಚು ಕ್ರಮಿಸಿರುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ ಅಷ್ಟು ದೂರದ ದೀಪ ಕಾರಿನದೋ ಲಾರಿಯದೋ, ಎಷ್ಟು ವೇಗದಲ್ಲಿ ಬರುತ್ತಿದೆಯೋ ಎಂದು ಅಳೆಯುವುದು ಯಾರಿಗೂ ಸುಲಭವಲ್ಲ. ಸೈಕಲ್ಲು ಮತ್ತು ಬೈಕಿನವರು ಇದೇ ಕಾರಣಕ್ಕೆ ಸರ್ವೀಸ್ ರಸ್ತೆಯಲ್ಲಿ ಎದುರುಮುಖವಾಗಿ ಬರುತ್ತಾರೆ. ಅಲ್ಲಿ ಸಾಲಾಗಿ ನಿಲ್ಲಿಸಿದ ಲಾರಿಗಳ ಮರೆಯಿಂದ ಹಠಾತ್ತನೆ ಹೊರಬರುತ್ತಾರೆ. ಆ ಲಾರಿಗಳು ಕಾಯುತ್ತಿರುವುದು ಯಾರದೋ ಉಗ್ರಾಣದ ಸರದಿಗೆ. ಇದನ್ನೆಲ್ಲ ತಪ್ಪೆಂದು ಹೇಳುವುದು ಸುಲಭ. ತಪ್ಪನ್ನೇ ಹತ್ತಿರದ ದಾರಿಯನ್ನಾಗಿ ಮಾಡಿಟ್ಟವರು ಯಾರೆಂದು ಕೇಳುವವರು ಕಡಿಮೆ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಪಾದಚಾರಿಗಳು 32,825, ದ್ವಿಚಕ್ರ ವಾಹನದವರು 74,897, ಸೈಕಲ್ ಸವಾರರು ಸುಮಾರು 4,800. ಮೂರನ್ನೂ ಕೂಡಿಸಿದರೆ ಒಟ್ಟು ಸಾವಿನ ಮೂರರಲ್ಲಿ ಎರಡು ಪಾಲು. ಪಾದಚಾರಿಯನ್ನು ಹೆದರಿಸುವ ಬೈಕಿನವನು ಲಾರಿಯ ಮುಂದೆ ತಾನೂ ಅಷ್ಟೇ ಬಡವ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಎರಡು ಬಗೆಯ ಸೈಕಲ್ಲು

ಸೈಕಲ್ಲಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಹಿಂದೆ ಪುರಸಭೆಗಳು ಬಿಲ್ಲೆ ಕೊಟ್ಟು ಸೈಕಲ್ಲಿಗೂ ತೆರಿಗೆ ಪಡೆಯುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ದಂಡ ಹಾಕುತ್ತಿದ್ದರು. 'ಸೈಕಲ್ಲಿನವನು ತೆರಿಗೆ ಕಟ್ಟುತ್ತಾನೆಯೇ' ಎಂದು ಇಂದು ಕೇಳುವವರಿಗೆ ಇದು ಉತ್ತರವಾದೀತು. ಪಟ್ಟಣದೊಳಗಿನ ಬೀದಿಗಳಿಗಂತೂ ಹಣ ಬರುವುದು ಮನೆ-ಅಂಗಡಿಗಳ ಆಸ್ತಿ ತೆರಿಗೆಯಿಂದ ಮತ್ತು ಸರ್ಕಾರದ ಅನುದಾನದಿಂದ; ಅದರಲ್ಲಿ ನಡೆಯುವವರ ಪಾಲೂ ಇದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಹಳ್ಳಿಯ ರಸ್ತೆಗಳಲ್ಲಿ ಸಮವಸ್ತ್ರದ ಹೆಣ್ಣುಮಕ್ಕಳ ಸೈಕಲ್ ಸಾಲು ಕಾಣಿಸಿಕೊಂಡಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು.

ಈಗ ಭಾನುವಾರ ನಸುಕಿನಲ್ಲಿ ದೇವನಹಳ್ಳಿಯ ಮೇಲೆ ನಂದಿಬೆಟ್ಟದ ಕಡೆಗೆ ಹೋಗುವ ಬೆಂಗಳೂರಿನ ಸವಾರರು ಬೇರೆ ಬಗೆಯವರು. ಅವರಿಗೆ ಹೆಲ್ಮೆಟ್ಟು, ಮಿನುಗುವ ಕೆಂಪು ದೀಪ, ಕೆಲವು ಬಾರಿ ಹಿಂದೆ ಬೆಂಗಾವಲಿನ ಕಾರೂ ಉಂಟು. ಅದೇ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿ ದೀಪವಿಲ್ಲದ ಹಳೆಯ ಸೈಕಲ್ಲಿನಲ್ಲಿ ಮರಳುವ ಕಾವಲುಗಾರನೂ ಆ ರಸ್ತೆಯಲ್ಲಿಯೇ ಇರುತ್ತಾನೆ. ಸೈಕಲ್ ಹಾದಿ ಬೇಕೆಂಬ ಪತ್ರ ಪತ್ರಿಕೆಗಳಿಗೆ ಹೋಗುವುದು ಮೊದಲನೆಯವರಿಂದ. ಎರಡನೆಯವನ ಪರವಾಗಿ ಬರೆಯಬೇಕಾದವನು ಅವನ ಮಾಲೀಕ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. 350 ಸಿಸಿವರೆಗಿನ ಬೈಕುಗಳದು 28ರಿಂದ 18ಕ್ಕೆ. ಎರಡೂ ಅಗ್ಗವಾದರೆ ಯಾವುದು ಹೆಚ್ಚು ಮಾರಾಟವಾದೀತೆಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ.

ಲೆಕ್ಕದ ಪುಸ್ತಕಕ್ಕೆ ಬಂದ ಹೊಸ ಬಾಬತ್ತು

ಕಾರ್ಖಾನೆಯ ಗೇಟಿನ ಹೊರಗೆ ನಡೆದ ಅಪಘಾತ ತಮಗೆ ಸಂಬಂಧಿಸಿದ್ದಲ್ಲವೆಂಬ ನಂಬಿಕೆ ಸಣ್ಣ ಉದ್ಯಮಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಇಎಸ್‌ಐ ವ್ಯಾಪ್ತಿಯಲ್ಲಿರುವವರ ಮಟ್ಟಿಗೆ 2010ರಲ್ಲಿಯೇ ಇದು ಬದಲಾಯಿತು: ಕಾಯಿದೆಗೆ ಸೇರಿಸಿದ 51-ಇ ಕಲಮಿನಂತೆ, ಮನೆಯಿಂದ ಕೆಲಸಕ್ಕೆ ಅಥವಾ ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವನ್ನು, ಅದರ ಸಮಯ, ಸ್ಥಳ ಮತ್ತು ಸಂದರ್ಭಗಳಿಗೂ ಉದ್ಯೋಗಕ್ಕೂ ನಂಟಿದ್ದರೆ, ಕೆಲಸದ ವೇಳೆಯ ಅಪಘಾತವೆಂದೇ ಪರಿಗಣಿಸಬೇಕು. ಪರಿಹಾರವನ್ನು ನಿಗಮವೇ ಕೊಡುವುದರಿಂದ ಮಾಲೀಕರಿಗೆ ಇದು ಹೊರೆಯಾಗಲಿಲ್ಲ.

ಇಎಸ್‌ಐ ಇಲ್ಲದ ನೌಕರರ ಪ್ರಶ್ನೆ ಇತ್ಯರ್ಥವಾದದ್ದು 2025ರ ಜುಲೈ 29ರಂದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲಿನಲ್ಲಿ ನಸುಕಿನ ಮೂರು ಗಂಟೆಯ ಪಾಳಿಗೆ ಹೊರಟು, ಕಾರ್ಖಾನೆ ಇನ್ನೂ ಸುಮಾರು ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಮೃತಪಟ್ಟಿದ್ದರು. ಆಯುಕ್ತರು ಕೊಡಿಸಿದ್ದ 3,26,140 ರೂಪಾಯಿ ಪರಿಹಾರವನ್ನು ಹೈಕೋರ್ಟು ರದ್ದುಗೊಳಿಸಿತ್ತು; ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ನೌಕರರ ಪರಿಹಾರ ಕಾಯಿದೆಗೂ ಇದೇ ಅರ್ಥ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಆ ಕುಟುಂಬ ಕಾದದ್ದು 22 ವರ್ಷ. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ನಿಯಮವನ್ನು ನೇರವಾಗಿಯೇ ಬರೆಯಲಾಗಿದೆ.

ಇದರ ಮೊತ್ತವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹಳೆಯ ಕಾಯಿದೆಯ ಸೂತ್ರದಂತೆ ಮೃತರ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ವೇತನದ ಗರಿಷ್ಠ ಮಿತಿ 2020ರಲ್ಲಿ ಗೊತ್ತುಪಡಿಸಿದಂತೆ 15,000 ರೂಪಾಯಿ. ಮೂವತ್ತು ವರ್ಷದವರ ಗುಣಕ 207.98. ಅಂದರೆ 7,500 × 207.98 = 15,59,850 ರೂಪಾಯಿ. ಏಳೆಂಟು ಮಂದಿಯನ್ನಿಟ್ಟುಕೊಂಡು ಮಗ್ಗದ ಷೆಡ್ಡನ್ನೋ ಬಿಡಿಭಾಗಗಳ ಘಟಕವನ್ನೋ ನಡೆಸುವವರಿಗೆ ಇದು ಕೆಲವು ವರ್ಷಗಳ ಲಾಭ. ಇಎಸ್‌ಐ ಕಡ್ಡಾಯವಾಗುವುದು ಹತ್ತು ನೌಕರರಿದ್ದಾಗ, ಅದೂ 21,000 ರೂಪಾಯಿವರೆಗಿನ ವೇತನದವರಿಗೆ ಮಾತ್ರ. ಹೀಗಾಗಿ ಒಂಬತ್ತರಲ್ಲಿಯೇ ಸಂಖ್ಯೆಯನ್ನು ನಿಲ್ಲಿಸಿ ವಂತಿಗೆ ಉಳಿಸಿದೆನೆಂದು ಸಮಾಧಾನಪಡುವ ಘಟಕಗಳೇ ಈಗ ಹೆಚ್ಚು ತೆರೆದುಕೊಂಡಿವೆ. ಸಂಹಿತೆಯಂತೆ ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳೂ ಸ್ವಇಚ್ಛೆಯಿಂದ ಇಎಸ್‌ಐ ಸೇರಬಹುದು. ಮಾಲೀಕರ ಪಾಲು ವೇತನದ ಶೇಕಡಾ 3.25. ಖಾಸಗಿ ವಿಮೆ ಪಡೆದಿರುವವರು ತಮ್ಮ ಪಾಲಿಸಿಯಲ್ಲಿ ಪ್ರಯಾಣ ಕಾಲದ ಅಪಘಾತ ಸೇರಿದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಲಿಖಿತವಾಗಿಯೇ ಪಡೆಯಬೇಕು.

ಡಿಕ್ಕಿ ಹೊಡೆದ ವಾಹನ ಸಿಕ್ಕಿದರೆ ಮೃತರ ಕುಟುಂಬ ಮೋಟಾರು ವಾಹನ ಕಾಯಿದೆಯಂತೆಯೂ ಪರಿಹಾರ ಕೇಳಬಹುದು. ಆದರೆ ಅದು ಮತ್ತು ನೌಕರರ ಪರಿಹಾರ ಈ ಎರಡರಲ್ಲಿ ಒಂದನ್ನಷ್ಟೇ ಆಯ್ದುಕೊಳ್ಳಬೇಕು. ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲಿನಿಂದ ಸಿಗುವ ಪರಿಹಾರ 2 ಲಕ್ಷ ರೂಪಾಯಿ. ಬೆಳಗಿನ ಜಾವದ ಹೆದ್ದಾರಿಯಲ್ಲಿ ಸೈಕಲ್ಲಿಗೆ ಗುದ್ದಿ ಓಡಿದ ವಾಹನವನ್ನು ಗುರುತಿಸುವವರು ಯಾರು? ಅಂತಹ ಸಂದರ್ಭದಲ್ಲಿ ಕುಟುಂಬದ ಕಣ್ಣು ಮಾಲೀಕರತ್ತ ತಿರುಗುವುದು ಸಹಜ.

ಬೆಂಗಳೂರಿನ ಅನುಭವ

2020ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ ಹಾದಿ ಮಾಡಲಾಯಿತು. ಬೈಕುಗಳು ಅದರೊಳಗೆ ನುಗ್ಗಿದವು, ಕಂಬಗಳು ಮುರಿದವು, ಅನಂತರ ಮೆಟ್ರೊ ಕಾಮಗಾರಿ ಉಳಿದದ್ದನ್ನೂ ನುಂಗಿತು. ಗಾಂಧಿ ಬಜಾರಿನಲ್ಲಿ ಪಾದಚಾರಿಗಳಿಗೆ ಹೆಚ್ಚು ಜಾಗ ಕೊಡುವ ಯೋಜನೆ ಬಂದಾಗ, ವಾಹನ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬಾರನೆಂದು ಅಂಗಡಿಕಾರರು ವಿರೋಧಿಸಿದರು. ಕಾಮಗಾರಿಯ ಕಾಲದ ಅಗೆತ, ಧೂಳು, ವಿಳಂಬಗಳನ್ನು ನೋಡಿದರೆ ಅವರ ಆತಂಕ ಅಕಾರಣವೆನ್ನಲಾಗದು. ಆದರೂ ಒಂದು ಕಾರು ನಿಲ್ಲುವ ಜಾಗದಲ್ಲಿ ಐದಾರು ಬೈಕು ಅಥವಾ ಹತ್ತು ಸೈಕಲ್ಲು ನಿಲ್ಲುತ್ತವೆ. ಅಂಗಡಿಯ ಮುಂದೆ ದಿನವಿಡೀ ನಿಂತಿರುವ ಕಾರು ಬಹಳ ಸಲ ಗಿರಾಕಿಯದಾಗಿರದೆ ಅಂಗಡಿಯವರದ್ದೇ ಆಗಿರುತ್ತದೆ. ತಮ್ಮ ಅಂಗಡಿಗೆ ಒಂದು ದಿನದಲ್ಲಿ ಎಷ್ಟು ಮಂದಿ ಕಾರಿನಲ್ಲಿ, ಎಷ್ಟು ಮಂದಿ ನಡೆದು ಬಂದರೆಂದು ಗಲ್ಲಾಪೆಟ್ಟಿಗೆಯ ಪಕ್ಕ ಗೆರೆ ಎಳೆದು ಎಣಿಸಿದ ವ್ಯಾಪಾರಿಗಳು ವಿರಳ. ಮಾತನಾಡುವ ಮೊದಲು ಆ ಎಣಿಕೆ ಕೈಯಲ್ಲಿರುವುದು ಲೇಸು.

ನಮ್ಮ ಪಟ್ಟಣಗಳಲ್ಲಿ ಸದ್ಯಕ್ಕೆ ಬೇಕಾದದ್ದು ಇಷ್ಟು ದೊಡ್ಡ ಯೋಜನೆಗಳೇನಲ್ಲ. ಸರಕು ಇಳಿಸುವುದನ್ನು ಬೆಳಿಗ್ಗೆ ಎಂಟಕ್ಕೆ ಮೊದಲು ಅಥವಾ ರಾತ್ರಿ ಎಂಟರ ನಂತರಕ್ಕೆ ಇಟ್ಟುಕೊಳ್ಳುವುದು ಒಂದು ಬೀದಿಯ ವರ್ತಕರು ಒಟ್ಟಾಗಿ ಕೈಗೊಳ್ಳಬಹುದಾದ ನಿರ್ಧಾರ. ಒಬ್ಬರೇ ಮಾಡಿದರೆ ಪಕ್ಕದವರ ಲಾರಿ ಆ ಜಾಗ ಹಿಡಿಯುತ್ತದೆ. ಕೈಗಾರಿಕಾ ಪ್ರದೇಶದ ಅಕ್ಕಪಕ್ಕದ ಘಟಕಗಳು ಪಾಳಿ ಬಿಡುವ ಸಮಯದಲ್ಲಿ ಹದಿನೈದು ನಿಮಿಷದ ಅಂತರವಿಟ್ಟರೆ ಗೇಟಿನ ಮುಂದಿನ ನೂಕುನುಗ್ಗಲು ಅರ್ಧಕ್ಕೆ ಇಳಿಯಬಹುದು. ಸೈಕಲ್ಲಿಗೆ ಹೊಳೆಯುವ ಪಟ್ಟಿ ಮತ್ತು ಹಿಂದೀಪ ಹಾಕಿಸುವ ಖರ್ಚು ಒಬ್ಬ ನೌಕರನ ಒಂದು ದಿನದ ಕೂಲಿಗಿಂತ ಕಡಿಮೆ, ಮತ್ತು ದಂಡದಂತಲ್ಲದೆ ಇದು ತೆರಿಗೆಯಲ್ಲಿ ಕಳೆಯಬಹುದಾದ ಖರ್ಚು.

ಉಳಿದದ್ದು ನಗರಸಭೆ, ಪುರಸಭೆಗಳ ಕೆಲಸ. ಇವು ಆಯವ್ಯಯ ಸಿದ್ಧಪಡಿಸುವ ಮುನ್ನ ಸಾರ್ವಜನಿಕರೊಡನೆ ಪೂರ್ವಭಾವಿ ಸಭೆ ನಡೆಸುತ್ತವೆ. ಮಳಿಗೆ ಬಾಡಿಗೆ, ಕಸದ ಶುಲ್ಕ, ವಾಹನ ನಿಲ್ದಾಣಗಳ ಬಗ್ಗೆ ವರ್ತಕರ ದನಿ ಅಲ್ಲಿ ಸಾಮಾನ್ಯವಾಗಿ ಕೇಳಿಬರುವುದುಂಟು. ಬಸ್ ನಿಲ್ದಾಣದಿಂದ ಪೇಟೆಯವರೆಗೆ, ಪೇಟೆಯಿಂದ ಕೈಗಾರಿಕಾ ಪ್ರದೇಶದ ಗೇಟಿನವರೆಗೆ ತುಂಡಾಗದ ಪಾದಚಾರಿ ಮಾರ್ಗಕ್ಕೆ ಪ್ರತ್ಯೇಕ ಬಾಬತ್ತು ಇಡಬೇಕೆಂಬ ಬೇಡಿಕೆಯನ್ನು ಈ ಬಾರಿ ಅದರೊಡನೆ ಸೇರಿಸಬಹುದು. ಹೆದ್ದಾರಿ ದಾಟುವ ಸ್ಥಳಗಳ ಬಗ್ಗೆ ಪ್ರಾಧಿಕಾರಕ್ಕೆ ಬರೆಯುವಾಗ ಯಾವ ಗೇಟಿನಿಂದ, ಯಾವ ಹೊತ್ತಿನಲ್ಲಿ, ಎಷ್ಟು ಮಂದಿ ದಾಟುತ್ತಾರೆಂಬ ಎಣಿಕೆಯನ್ನು ಲಗತ್ತಿಸಬೇಕು. ಆ ಸಂಖ್ಯೆ ಪ್ರತಿಯೊಂದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಈಗಾಗಲೇ ಇದೆ.