ಹಳೆಯ ಕಾರಿನ ಜಾತಕ

ಮಗಳಿಗೆ ಬಂದ ವರನ ಜಾತಕವನ್ನು ಮೂರು ಕಡೆ ತೋರಿಸುವ ಗೃಹಸ್ಥನೇ, ಹಳೆಯ ಕಾರನ್ನು ಕೊಳ್ಳಹೊರಟಾಗ ಮೈಯ ಹೊಳಪಿಗೆ ಮರುಳಾಗಿ ಮುಂಗಡ ಕೊಟ್ಟು ಬರುವುದುಂಟು. ಹೊಳಪೇನು, ಒಂದು ದಿನದ ಪಾಲಿಷಿನಿಂದ ಬರುತ್ತದೆ. ಕಾರಿನ ನಿಜವಾದ ಜಾತಕವಿರುವುದು ಅದರ ಸರ್ವಿಸ್ ಬಿಲ್ಲುಗಳಲ್ಲಿ.

ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಸರ್ವಿಸ್ ಮಾಡಿಸುವುದು ಇಂದಿನ ಅನೇಕ ಕಾರುಗಳಿಗೆ ವಿಧಿಸಿದ ಕ್ರಮ. ಬಿಲ್ಲಿನ ಮೇಲೆ ದಿನಾಂಕದೊಡನೆ ಮೀಟರಿನ ಅಂಕೆಯೂ ನಮೂದಾಗಿರುತ್ತದೆ. ಆ ಅಂಕೆಗಳನ್ನು ಸಾಲಾಗಿ ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. 2021ರ ಬಿಲ್ಲಿನಲ್ಲಿ 62,000 ಎಂದಿದ್ದು ಇಂದು ಮೀಟರು 41,000 ತೋರಿಸುತ್ತಿದ್ದರೆ, ಕಾರು ಹಿಮ್ಮುಖವಾಗಿಯೇ ಓಡಿರಬೇಕು! ಡಿಜಿಟಲ್ ಮೀಟರನ್ನು ತಿದ್ದಲಾಗದೆಂಬುದು ಬರಿಯ ಭ್ರಮೆ. ಸವೆದ ಪೆಡಲನ್ನೂ ನುಣುಪಾದ ಸ್ಟಿಯರಿಂಗನ್ನೂ ಮಾತ್ರ ಅಷ್ಟು ಸುಲಭವಾಗಿ ಯಾರೂ ತಿದ್ದುವುದಿಲ್ಲ.

"ಪುಸ್ತಕ ಕಳೆದುಹೋಯಿತು" ಎಂಬ ಉತ್ತರಕ್ಕೆ ತಲೆದೂಗಬೇಕಾಗಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳ ಕಂಪ್ಯೂಟರಿನಲ್ಲಿ ಹಳೆಯ ಲೆಕ್ಕವಿರುತ್ತದೆ. ಮಾಲೀಕನನ್ನೇ ಜೊತೆಗೆ ಕರೆದೊಯ್ದು ಕೇಳಬಹುದು. ವಾರಂಟಿ ಮುಗಿದ ಮೇಲೆ ಎಷ್ಟೋ ಮಂದಿ ಬೀದಿಯ ಕೊನೆಯ ಗ್ಯಾರೇಜಿಗೆ ಹೋಗುತ್ತಾರೆ. ಅದು ಅಪರಾಧವಲ್ಲ, ಆದರೆ ಬಿಡಿಭಾಗ ಕೊಂಡ ರಸೀದಿಗಳಾದರೂ ಇರಬೇಕು.

ಬಿಲ್ಲುಗಳಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಬ್ರೇಕ್ ಎಣ್ಣೆಯ ಹೆಸರನ್ನು. ಎಂಜಿನ್ ಎಣ್ಣೆ ಎಲ್ಲರಿಗೂ ನೆನಪಿರುತ್ತದೆ, ಇದು ಯಾರಿಗೂ ನೆನಪಿರುವುದಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಿದಂತೆ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಊರೊಳಗೆ ಇದು ತಿಳಿಯುವುದೇ ಇಲ್ಲ. ಹೆಂಡತಿ ಮಕ್ಕಳೊಡನೆ ಧರ್ಮಸ್ಥಳಕ್ಕೆಂದು ಹೊರಟು ಚಾರ್ಮಾಡಿ ಘಾಟಿಯನ್ನಿಳಿಯುವಾಗ, ತಿರುವು ತಿರುವಿಗೂ ಒತ್ತಿ ಬಿಸಿಯೇರಿದ ಬ್ರೇಕಿನ ಕೊಳವೆಯಲ್ಲಿ ಆವಿ ತುಂಬಿದರೆ, ಪೆಡಲು ಹತ್ತಿಯಂತೆ ಕುಸಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಎಂಟು ವರ್ಷದ ಕಾರಿನ ಬಿಲ್ಲುಗಳಲ್ಲಿ ಒಮ್ಮೆಯೂ ಅದರ ಸುಳಿವಿಲ್ಲದಿದ್ದರೆ ಕೊಳ್ಳುವ ಮೊದಲು ಬದಲಾವಣೆಯ ಖರ್ಚನ್ನು ಬೆಲೆಯಲ್ಲಿ ಮುರಿಯುವುದು ನ್ಯಾಯ.

ವಿಮೆಯ ಕಾಗದವೂ ಮಾತಾಡುತ್ತದೆ. ಪರಿಹಾರ ಕೇಳದ ಮಾಲೀಕನಿಗೆ ಮೊದಲ ವರ್ಷ ಶೇಕಡ 20ರಿಂದ ತೊಡಗಿ ಐದು ವರ್ಷಕ್ಕೆ ಶೇಕಡ 50ರವರೆಗೆ ರಿಯಾಯಿತಿ ಏರುತ್ತದೆ. ಒಬ್ಬನೇ ಮಾಲೀಕನ ಆರು ವರ್ಷದ ಕಾರಿಗೆ ಅದು ಸೊನ್ನೆಯಾಗಿದ್ದರೆ ಹಿಂದಿನ ವರ್ಷ ಏನು ನಡೆಯಿತೆಂದು ವಿಚಾರಿಸಬೇಕು. ಕನ್ನಡಿ ಒಡೆದದ್ದೋ, ಕಾರೇ ಮಗುಚಿದ್ದೋ?

ಕಡೆಯದಾಗಿ, ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರವೂ ಸಹಿಯಾದ 35ನೆಯ ನಮೂನೆಯೂ ಕೈಗೆ ಬರುವವರೆಗೆ ಪೂರ್ತಿ ಹಣವನ್ನು ಎಣಿಸಬಾರದು.