ಹೀಲ್‌ನ ಅಗಲದಲ್ಲಿದೆ ನಡಿಗೆಯ ಭದ್ರತೆ

ಹೈ ಹೀಲ್ಸ್ ಕೊಳ್ಳುವವರ ಕಣ್ಣು ಮೊದಲು ಎತ್ತರದ ಮೇಲೆ ಬೀಳುತ್ತದೆ. ಅದನ್ನು ಮಾಡುವ ಒಳ್ಳೆಯ ಕುಶಲಕರ್ಮಿ ಮಾತ್ರ ಹೀಲ್‌ನ ತುದಿ ಎಷ್ಟು ಅಗಲವಿದೆ, ಎಲ್ಲಿ ನಿಂತಿದೆ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಗಮನಿಸುತ್ತಾನೆ.

ಹೆಜ್ಜೆ ಹಾಕಿದಾಗ ಸಾಮಾನ್ಯವಾಗಿ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಮೈಭಾರ ಆ ಕಾಲಿಗೆ ಇಳಿಯತೊಡಗುವುದು ಆಗಲೇ. ತುದಿ 4 ಸೆಂ.ಮೀ. ಅಗಲವಿದ್ದರೆ ನಡುವಿನಿಂದ ಎರಡೂ ಬದಿಗೆ 2 ಸೆಂ.ಮೀ. ಆಸರೆ ಸಿಗುತ್ತದೆ, ಭಾರ ತುಸು ಅತ್ತಿತ್ತ ಸರಿದರೂ ಪಾದ ಸಾವರಿಸಿಕೊಳ್ಳುತ್ತದೆ. ತುದಿ 1 ಸೆಂ.ಮೀ. ಇದ್ದರೆ ಆಸರೆ ಅರ್ಧ ಸೆಂ.ಮೀ. ಮಾತ್ರ. ಒಂದು ಹರಳುಕಲ್ಲು ಸಿಕ್ಕರೂ ಸಾಕು, ಹೀಲ್ ವಾಲಿ ಕಾಲು ಉಳುಕಬಹುದು.

ಇದಕ್ಕೆ ಮೂಳೆಯ ರಚನೆಯೂ ಸೇರಿಕೊಳ್ಳುತ್ತದೆ. ಕಣಕಾಲಿನ ಕೀಲಿನಲ್ಲಿ ಕೂರುವ ಟೇಲಸ್ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಹಿಮ್ಮಡಿ ಎತ್ತರಕ್ಕೇರಿದಾಗ ಕಿರಿದಾದ ಭಾಗವೇ ಕೀಲಿನೊಳಗೆ ಬಂದು ಹಿಡಿತ ಸಡಿಲಗೊಳ್ಳುತ್ತದೆ. ಹೀಗೆ ಕೀಲು ಕಳೆದುಕೊಂಡ ಭದ್ರತೆಯಲ್ಲಿ ಒಂದಿಷ್ಟನ್ನಾದರೂ ಅಗಲವಾದ ಹೀಲ್ ಮರಳಿಸುತ್ತದೆ.

ಪಾದದ ಭಾರವನ್ನು ಆಳವಾಗಿ ಅರಿತವನು ಇಟಲಿಯ ಬೊನಿಟೊದಲ್ಲಿ 1898ರಲ್ಲಿ ಹುಟ್ಟಿದ ಪಾದರಕ್ಷೆಯ ಕುಶಲಕರ್ಮಿ ಸಾಲ್ವತೋರೆ ಫೆರಗಾಮೊ. ಅಮೆರಿಕದಲ್ಲಿದ್ದಾಗ ಅಂಗರಚನೆಯನ್ನು ಕಲಿತ ಆತ, ಪಾದದ ಕಮಾನಿಗೆ ಆಸರೆ ಬೇಕೆಂದು ಕಂಡುಕೊಂಡು ಅಲ್ಲಿ ಉಕ್ಕಿನ ಪಟ್ಟಿ ಕೂರಿಸಿದ. 1935ರಲ್ಲಿ ಇಟಲಿ ಇಥಿಯೋಪಿಯದ ಮೇಲೆ ದಾಳಿ ಮಾಡಿದಾಗ ಇಟಲಿಯ ಮೇಲೆ ಆರ್ಥಿಕ ನಿರ್ಬಂಧಗಳು ಬಿದ್ದು, ಒಳ್ಳೆಯ ಉಕ್ಕು ಸಿಗದಾಯಿತು. ಆಗ ಆತ ಹಿಮ್ಮಡಿಗೂ ಪಾದದ ಮುಂಭಾಗಕ್ಕೂ ನಡುವಿನ ಖಾಲಿ ಜಾಗವನ್ನೇ ಕಾರ್ಕಿನಿಂದ ತುಂಬಿಬಿಟ್ಟ. ಹೀಗೆ ಬಂದ ವೆಡ್ಜ್ ಹೀಲ್‌ನಲ್ಲಿ ಎತ್ತರ ಉಳಿಯಿತು, ಆಸರೆ ಪಾದದುದ್ದಕ್ಕೂ ಹರಡಿತು.

1950ರ ದಶಕದ ಸ್ಟಿಲೆಟೊ ಇದಕ್ಕೆ ತದ್ವಿರುದ್ಧ. ಪ್ಲಾಸ್ಟಿಕ್ಕಿನೊಳಗೆ ಉಕ್ಕಿನ ಸರಳು ಹುದುಗಿಸಿದ್ದರಿಂದ ಅಷ್ಟು ಸಪೂರ ಹೀಲ್ ಮುರಿಯದೆ ನಿಂತಿತು. ಸರಳು ಹೀಲ್‌ಗೆ ಬಲ ಕೊಟ್ಟಿತೇ ಹೊರತು ಪಾದದ ಅಕ್ಕಪಕ್ಕದ ಆಸರೆಯನ್ನು ಹೆಚ್ಚಿಸಲಿಲ್ಲ. ಅದಕ್ಕೇ ಹಿಮ್ಮಡಿ ಮೂಳೆಯ ನಡುಭಾಗಕ್ಕೆ ಸರಿಯಾಗಿ ಹೀಲ್ ನಿಲ್ಲಿಸುವುದು ಇಲ್ಲಿ ತೀರ ಸೂಕ್ಷ್ಮದ ಕೆಲಸ.

ಅಗಲವಿದ್ದ ಮಾತ್ರಕ್ಕೆ ಎತ್ತರದ ತೊಂದರೆಗಳೆಲ್ಲ ನೀಗುವುದಿಲ್ಲ. ಪಾದದ ಮುಂಭಾಗದ ಮೇಲಿನ ಒತ್ತಡ ಹಾಗೆಯೇ ಉಳಿಯುತ್ತದೆ. ಆದರೂ ಕೊಳ್ಳುವ ಮುನ್ನ ಜೋಡನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹೀಲ್ ನೆಟ್ಟಗಿದೆಯೇ? ತುದಿ ಪೂರ್ತಿ ಮೇಜಿಗೆ ತಾಗುತ್ತದೆಯೇ? ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಅಲುಗಾಡುತ್ತದೆಯೇ? ಕೊಂಡ ಮೇಲೂ ತುದಿಯ ರಬ್ಬರು ಒಂದೇ ಬದಿ ಸವೆದರೆ ತಡಮಾಡದೆ ಬದಲಿಸಿ. ಸವೆದ ತುದಿ ಎಂಥ ಒಳ್ಳೆಯ ಹೀಲನ್ನೂ ವಾಲಿಸುತ್ತದೆ. ಹೊಸ ರಬ್ಬರಿನ ಒಂದು ತುಂಡು ಕುಶಲಕರ್ಮಿ ಕೊಟ್ಟ ಅಗಲವನ್ನು ಪೂರ್ತಿಯಾಗಿ ಮರಳಿ ಕೊಡುತ್ತದೆ.