ಒಬ್ಬರೇ ಮತದಾರರು, ಅವರೇ ಮೇಯರ್

ನೆಬ್ರಾಸ್ಕದ ಉತ್ತರ ಅಂಚಿನಲ್ಲಿ, ದಕ್ಷಿಣ ಡಕೋಟಾದ ಗಡಿಗೆ ತಾಗಿದಂತೆ ಬಾಯ್ಡ್ ಕೌಂಟಿ ಇದೆ. ಅಲ್ಲಿ 12ನೇ ಹೆದ್ದಾರಿ ಹಿಡಿದು ಹೊರಟವರಿಗೆ ಮೊನೊವೈ ಎಂಬ ಊರು ಸಿಗುತ್ತದೆ. ಊರಿನ ಫಲಕದಲ್ಲಿ ಜನಸಂಖ್ಯೆಯನ್ನೂ ಬರೆಯುವುದು ಅಮೆರಿಕದಲ್ಲಿ ವಾಡಿಕೆ. ಮೊನೊವೈ ಹೆಸರಿನ ಜೊತೆಗಿದ್ದ ಅಂಕಿ 1. ಆ ಒಬ್ಬರು ಎಲ್ಸಿ ಐಲರ್. 2010ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಒಬ್ಬರೇ ನಿವಾಸಿಯಿದ್ದ, ಸ್ವಂತ ಆಡಳಿತವುಳ್ಳ ಊರು ಇದೊಂದೇ.

‘ಸ್ವಂತ ಆಡಳಿತ’ ಎಂಬುದರಲ್ಲೇ ಮೊನೊವೈಯ ಸ್ವಾರಸ್ಯವಿದೆ. ಒಂಟಿ ಮನೆಗಳಿಗೆ ಆ ಬಯಲಿನಲ್ಲಿ ಬರವಿಲ್ಲ. ಅವು ಊರು ಎನಿಸಿಕೊಳ್ಳುವುದಿಲ್ಲ. ಮೊನೊವೈ ಊರಾಗಿ ಉಳಿದದ್ದು ಕಾಗದಪತ್ರದ ಕೆಲಸ ತಪ್ಪದೆ ನಡೆದದ್ದರಿಂದ. ಎಲ್ಸಿ ಮೇಯರ್ ಹೌದು, ಗುಮಾಸ್ತೆ ಹೌದು, ಖಜಾಂಚಿಯೂ ಹೌದು. ಚುನಾವಣೆ ಬಂದರೆ ನೋಟಿಸು ಅಂಟಿಸುವವರು ಅವರೇ, ಮತ ಹಾಕುವವರು ಅವರೇ, ಗೆಲ್ಲುವವರೂ ಅವರೇ. ಊರಿನ ಏಕೈಕ ವ್ಯಾಪಾರವಾದ ‘ಮೊನೊವೈ ಟ್ಯಾವರ್ನ್’ ಎಂಬ ಬಾರನ್ನು ನಡೆಸುತ್ತಿದ್ದವರೂ ಅವರೇ ಆದ್ದರಿಂದ, ಮದ್ಯದ ಲೈಸೆನ್ಸಿಗೆ ಮಾಲೀಕಳಾಗಿ ಅರ್ಜಿ ಹಾಕಿ, ಗುಮಾಸ್ತೆಯಾಗಿ ಅದನ್ನು ಪಡೆದು, ಊರಿನ ಪರವಾಗಿ ತಾವೇ ಮಂಜೂರು ಮಾಡಬೇಕಿತ್ತು. ನಾಲ್ಕು ಬೀದಿದೀಪ ಉರಿಯಲು ತಮಗೆ ತಾವೇ ತೆರಿಗೆ ಹಾಕಿ, ತಾವೇ ಕಟ್ಟುತ್ತಿದ್ದರು. ಸರ್ಕಾರದ ಅನುದಾನ ಕೈತಪ್ಪದಿರಲು ವರ್ಷಕ್ಕೊಮ್ಮೆ ರಸ್ತೆ ಯೋಜನೆ ಬರೆದು ರಾಜ್ಯಕ್ಕೆ ಕಳಿಸುತ್ತಿದ್ದರು. ನಗು ಬರುವುದು ನಿಜ. ಆದರೆ ಈ ಕಾಗದಪತ್ರಗಳೆಲ್ಲ ಇಲ್ಲದಿದ್ದರೆ ಊರು ಭೂಪಟದಲ್ಲಿ ಬರೀ ಹೆಸರು.

ಈ ಊರನ್ನು ಹುಟ್ಟಿಸಿದ್ದು ರೈಲು. 20ನೇ ಶತಮಾನದ ಆರಂಭದಲ್ಲಿ ಹಳಿ ಬಂತು, 1902ರಲ್ಲಿ ಅಂಚೆ ಕಚೇರಿ ತೆರೆಯಿತು. ಕುದುರೆಗಾಡಿಯಲ್ಲಿ ಧಾನ್ಯ ತುಂಬಿಕೊಂಡು ಬಂದ ರೈತ ಕತ್ತಲಾಗುವುದರೊಳಗೆ ಮನೆ ಸೇರುವಷ್ಟು ದೂರಕ್ಕೊಂದು ನಿಲ್ದಾಣ, ನಿಲ್ದಾಣಕ್ಕೊಂದು ಊರು: ಪ್ರೇರಿ ಎಂಬ ಆ ಹುಲ್ಲು ಬಯಲಿನ ಉದ್ದಕ್ಕೂ ಇದೇ ಲೆಕ್ಕ. ಕಾರು, ಲಾರಿ ಬಂದಮೇಲೆ ಲೆಕ್ಕ ತಪ್ಪಿತು. ಟ್ರ್ಯಾಕ್ಟರುಗಳು ದೊಡ್ಡವಾದವು, ನಾಲ್ಕು ಮನೆತನ ಉಳುತ್ತಿದ್ದ ಜಮೀನು ಒಬ್ಬನ ಕೈಗೆ ಬಂತು. ಉಳಿದ ಮೂರು ಮನೆಯವರ ಜೊತೆಗೆ ಕಿರಾಣಿ ಅಂಗಡಿಯ ಗಿರಾಕಿಗಳೂ ಶಾಲೆಯ ಮಕ್ಕಳೂ ಹೋದರು. ಮೊನೊವೈಯ ಜನ 1930ರಲ್ಲಿ 123, 1960ರಲ್ಲಿ 40, 1990ರಲ್ಲಿ 6. ಅಂಚೆ ಕಚೇರಿ 1967ರಲ್ಲಿ, ಶಾಲೆ 1974ರಲ್ಲಿ ಮುಚ್ಚಿದವು. ಬಾಯ್ಡ್ ಕೌಂಟಿಯ ಕಥೆಯೂ ಬೇರೆಯಲ್ಲ: 1910ರಲ್ಲಿ 8 ಸಾವಿರ ಮೀರಿದ್ದ ಜನ 2020ರ ಹೊತ್ತಿಗೆ 2 ಸಾವಿರವೂ ಇರಲಿಲ್ಲ.

2000ದ ಗಣತಿಗೆ ಊರಿನಲ್ಲಿ ಉಳಿದದ್ದು ಗಂಡ ಹೆಂಡತಿ ಇಬ್ಬರೇ, ರೂಡಿ ಮತ್ತು ಎಲ್ಸಿ. 2004ರಲ್ಲಿ ರೂಡಿ ತೀರಿಕೊಂಡರು. ಓದಿನ ಹುಚ್ಚಿದ್ದ ಅವರು ಕೂಡಿಹಾಕಿದ ಸುಮಾರು 5,000 ಪುಸ್ತಕಗಳನ್ನು ಎಲ್ಸಿ ಒಂದು ಪುಟ್ಟ ಕಟ್ಟಡದಲ್ಲಿ ಜೋಡಿಸಿ ‘ರೂಡೀಸ್ ಲೈಬ್ರರಿ’ ಎಂದು ಹೆಸರಿಟ್ಟರು. ತಲಾವಾರು ಪುಸ್ತಕದ ಲೆಕ್ಕ ಹಾಕಿದರೆ ಇದರ ಮುಂದೆ ನಿಲ್ಲುವ ಊರು ಸಿಗುವುದು ಕಷ್ಟ. ಗ್ರಂಥಪಾಲಕಿ ಯಾರೆಂದು ಹೇಳಬೇಕಿಲ್ಲ. ಹತ್ತಾರು ಮೈಲಿ ದೂರದ ರೈತರು, ಲಾರಿಯವರು ಹ್ಯಾಂಬರ್ಗರ್, ಬಿಯರ್ ಮತ್ತು ಹರಟೆಗೆಂದು ಟ್ಯಾವರ್ನಿಗೆ ಬರುತ್ತಿದ್ದರು. ಎಲ್ಸಿ ಒಂಟಿ ಎಂದು ಕನಿಕರಪಟ್ಟು ಬಂದ ಪತ್ರಕರ್ತರಿಗೆ ಕಂಡದ್ದು ಕೈಬಿಡುವಿಲ್ಲದ ಹೋಟೆಲಿನ ಒಡತಿ.

ಇಷ್ಟಾದ ಮೇಲೆ 2020ರ ಗಣತಿಯ ಅಂಕಿ ಹೊರಬಂತು: ಮೊನೊವೈ, ಜನಸಂಖ್ಯೆ 2. ಯಾರೂ ಮನೆ ಹೂಡಿರಲಿಲ್ಲ, ಯಾರೂ ಹುಟ್ಟಿರಲಿಲ್ಲ. ಗಣತಿಯಲ್ಲಿ ಕೊಟ್ಟ ವೈಯಕ್ತಿಕ ಮಾಹಿತಿ ಹೊರಗೆ ಗೊತ್ತಾಗಬಾರದು ಎಂಬುದು ಅಮೆರಿಕದ ಕಾನೂನು. ಆದರೆ ಸಣ್ಣ ಊರುಗಳ ಅಂಕಿಅಂಶವನ್ನು ಬೇರೆ ಪಟ್ಟಿಗಳ ಜೊತೆ ತಾಳೆ ಹಾಕಿದರೆ ಕಂಪ್ಯೂಟರು ವ್ಯಕ್ತಿಯನ್ನೇ ಪತ್ತೆಹಚ್ಚಬಲ್ಲದು. ಅದಕ್ಕಾಗಿ ಈ ಸಲ ಗಣತಿ ಇಲಾಖೆ ರಾಜ್ಯಗಳ ಒಟ್ಟು ಮೊತ್ತವನ್ನು ಹಾಗೇ ಉಳಿಸಿ, ಕೆಳಹಂತದ ಅಂಕಿಗಳನ್ನು ಒಂದು ಗಣಿತ ಸೂತ್ರದ ಮೂಲಕ ಬೇಕೆಂದೇ ಕೊಂಚ ಏರುಪೇರು ಮಾಡಿತು. ನಗರದಲ್ಲಿ ಒಂದು ತಲೆ ಹೆಚ್ಚಾದರೆ ಯಾರಿಗೂ ತಿಳಿಯದು; ಮೊನೊವೈಯಲ್ಲಿ ಊರೇ ಇಮ್ಮಡಿಯಾಯಿತು. ಗುಟ್ಟು ಕಾಪಾಡಲು ಹೊರಟ ಸೂತ್ರಕ್ಕೆ ಸಿಕ್ಕಿದ್ದು ಹೆಸರು, ಹುದ್ದೆ, ಮದುವೆಯ ಕಥೆ ಎಲ್ಲವೂ ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಒಬ್ಬ ಮೇಯರಮ್ಮ. ಇನ್ನೊಬ್ಬರು ಯಾರು ಎಂದು ವರದಿಗಾರರು ಕೇಳಿಕೊಂಡು ಹೋದದ್ದೂ ಅವರ ಬಳಿಗೇ. ಬೇರೆ ಯಾರನ್ನು ಕೇಳುವುದು?